ನಕಲಿ ಬೀಗದ ಕೈ: ಊಟದ ಸಕ್ಕರೆಯನ್ನು ಕಂತು ಮಾಡಿದ ಮಾತ್ರೆಗಳ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿದ್ದೀರೋ, ಅಡುಗೆಮನೆಯಲ್ಲಿದ್ದೀರೋ ಗೊತ್ತಿಲ್ಲ. ಎಲ್ಲಿದ್ರೂ ಸರಿ, ಇವತ್ತಿನ ಕಥೆ ನಮ್ಮನೆ ಅಡುಗೆಮನೆಯಿಂದಲೇ ಶುರುವಾಗುತ್ತೆ.

ಹೋದ ವರ್ಷ ಒಂದು ಭಾನುವಾರ. ಅರಸೀಕೆರೆಯಲ್ಲಿ ನಮ್ಮಪ್ಪನದ್ದು ಚಿಕ್ಕ ಕಿರಾಣಿ ಅಂಗಡಿ. ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ ಮನೆಗೆ ಬಂದವರು ಊಟಕ್ಕೆ ಕೂರೋ ಮೊದಲೇ ಬೆವರೋಕೆ ಶುರು ಮಾಡಿದ್ರು. ಕೈ ನಡುಗ್ತಿದೆ, ಮಾತು ತೊದಲ್ತಿದೆ. ಅಪ್ಪನಿಗೆ ಹನ್ನೆರಡು ವರ್ಷದಿಂದ ಶುಗರ್ ಇದೆ. ಗ್ಲುಕೋಮೀಟರ್‌ನಲ್ಲಿ ನೋಡಿದ್ರೆ 54. ಅಂದ್ರೆ ಸಕ್ಕರೆ ಪಾತಾಳಕ್ಕೆ ಇಳಿದಿದೆ. ಅಮ್ಮ ಓಡಿ ಹೋಗಿ ಒಂದು ಲೋಟ ನೀರಿಗೆ ನಾಲ್ಕು ಚಮಚ ಸಕ್ಕರೆ ಹಾಕಿ ಕುಡಿಸಿದ್ರು. ಎಲ್ಲರ ಮನೆಯಲ್ಲೂ ಮಾಡೋದು ಅದೇ ತಾನೇ? ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿದೆ. 57.

ಇನ್ನೊಂದು ಲೋಟ ಕುಡಿಸಿದ್ವಿ. ಏರಲೇ ಇಲ್ಲ ಅಂತ ಹೇಳಬಹುದು, ಅಷ್ಟು ನಿಧಾನ. ಆಟೋ ಹಿಡಿದು ನರ್ಸಿಂಗ್ ಹೋಮ್‌ಗೆ ಹೋದ್ವಿ. ಅಲ್ಲಿದ್ದ ಡಾಕ್ಟರಮ್ಮ ಮೊದಲು ಗ್ಲೂಕೋಸ್ ಹಾಕಿಸಿದ್ರು. ಆಮೇಲೆ ಅಪ್ಪನ ಮಾತ್ರೆ ಸ್ಟ್ರಿಪ್ ಕೇಳಿ ಇಸ್ಕೊಂಡು, ಹಿಂದೆ ತಿರುಗಿಸಿ, ಸಣ್ಣಕ್ಷರದಲ್ಲಿ ಬರೆದಿದ್ದ ಮೂರನೇ ಹೆಸರಿನ ಮೇಲೆ ಬೆರಳಿಟ್ಟು ಕೇಳಿದ್ರು: "ಇದರಲ್ಲಿ ವೋಗ್ಲಿಬೋಸ್ ಇದೆಯಲ್ಲ, ಸಕ್ಕರೆ ಕೊಟ್ರೆ ಬೇಗ ಕೆಲಸ ಮಾಡಲ್ಲ ಅಂತ ನಿಮಗೆ ಯಾರೂ ಹೇಳಿಲ್ವಾ?"

ಯಾರೂ ಹೇಳಿರಲಿಲ್ಲ. ಅಪ್ಪ ಆವತ್ತು ಉಳಿದ್ರು. ಆದ್ರೆ ಆ ಪ್ರಶ್ನೆ ನನ್ನ ತಲೆಯಲ್ಲಿ ಉಳ್ಕೊಂಡುಬಿಡ್ತು. ಸಕ್ಕರೆ ಕೊಟ್ರೂ ಸಕ್ಕರೆ ಏರದ ಹಾಗೆ ತಡೆಯೋ ಮಾತ್ರೆ ಯಾವುದಪ್ಪ ಅದು? ಯಾರು ಮಾಡಿದ್ರು, ಯಾಕೆ ಮಾಡಿದ್ರು? ನಾನು ಓದಿದ್ದು ಬಿಕಾಂ. ಕೆಮಿಸ್ಟ್ರಿ ಪಿಯುಸಿಗೆ ಬರೋ ಮೊದಲೇ ಬಿಟ್ಟವರ ಪೈಕಿ ನಾನೂ ಒಬ್ರು. ಹಾಗಾಗಿ ನನಗೆ ಅರ್ಥವಾದ ರೀತಿಯಲ್ಲೇ ಹೇಳ್ತೀನಿ, ಬನ್ನಿ.

ಮೊಳಕೆಯಿಂದ ಶುರು

ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡ್ತಾರಲ್ಲ, ಅದನ್ನ ಬಾಯಿಗೆ ಹಾಕ್ಕೊಂಡ್ರೆ ಸ್ವಲ್ಪ ಸಿಹಿ ಅನ್ಸುತ್ತೆ. ಯಾಕೆ ಗೊತ್ತಾ? ಮೊಳಕೆ ಒಡೆಯುವಾಗ ಕಾಳಿನ ಒಳಗಿರೋ ಪಿಷ್ಟ ಒಡೆದು ಸಕ್ಕರೆ ಆಗುತ್ತೆ. ಆ ಒಡೆಯೋ ಕೆಲಸ ಮಾಡೋದು ಒಂದು ಕಿಣ್ವ, ಅಂದ್ರೆ ಎನ್‌ಜೈಮ್. 1833ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಮತ್ತು ಜಾನ್ ಪೆರ್ಸೋ ಎನ್ನುವ ಇಬ್ಬರು ಮೊಳಕೆ ಬಂದ ಬಾರ್ಲಿಯಿಂದ ಈ ವಸ್ತುವನ್ನ ಬೇರ್ಪಡಿಸಿದರು. ಡಯಾಸ್ಟೇಸ್ ಅಂತ ಹೆಸರಿಟ್ಟರು. ಇವತ್ತು ಕಿಣ್ವಗಳ ಹೆಸರಿನ ಕೊನೆಗೆ 'ಏಸ್' ಅಂತ ಬರೋದಕ್ಕೆ ಆ ಹೆಸರೇ ಮೂಲ.

ನಮ್ಮ ಹೊಟ್ಟೆಯಲ್ಲೂ ಇದೇ ಕೆಲಸ ನಡೆಯುತ್ತೆ. ಮುದ್ದೆ, ಅನ್ನ, ಚಪಾತಿ ಎಲ್ಲದರಲ್ಲೂ ಇರೋ ಪಿಷ್ಟ ಅಂದ್ರೆ ಗ್ಲೂಕೋಸಿನ ಉದ್ದ ಸರ. ಆ ಸರ ಹಾಗೇ ರಕ್ತಕ್ಕೆ ಹೋಗೋಕಾಗಲ್ಲ, ಒಂದೊಂದೇ ಮಣಿಯಾಗಿ ಬಿಡಿಸಬೇಕು. ಮೊದಲು ಎಂಜಲಲ್ಲಿ ಮತ್ತು ಮೇದೋಜ್ಜೀರಕ ಗ್ರಂಥಿಯ ರಸದಲ್ಲಿ ಇರೋ ಅಮೈಲೇಸ್ ಸರವನ್ನ ತುಂಡು ಮಾಡುತ್ತೆ. ಆಮೇಲೆ ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡಿರೋ ಗ್ಲುಕೋಸಿಡೇಸ್ ಕಿಣ್ವಗಳು ತುಂಡುಗಳನ್ನ ಬಿಡಿ ಮಣಿ ಮಾಡ್ತವೆ. ನಾವು ಕಾಫಿಗೆ ಹಾಕೋ ಸಕ್ಕರೆ ಕೂಡ ಎರಡು ಮಣಿಯ ಜೋಡಿ, ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್. ಅದನ್ನೂ ಅಲ್ಲಿ ಸುಕ್ರೇಸ್ ಅನ್ನೋ ಕಿಣ್ವ ಒಡೀಲೇಬೇಕು. ಈ ಮಾತು ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ.

ವ್ಯಾಪಾರಕ್ಕೆ ಆಗದ ಹುಡುಗ

ಮುಂದಿನ ಹೆಜ್ಜೆ ಜರ್ಮನಿಯಲ್ಲಿ. ಎಮಿಲ್ ಫಿಶರ್ ಅಂತ ಒಬ್ಬರು, ಹುಟ್ಟಿದ್ದು 1852ರಲ್ಲಿ. ಅಪ್ಪ ವ್ಯಾಪಾರಸ್ಥ. ಮಗನನ್ನ ಮನೆಯವರ ಮರದ ವ್ಯಾಪಾರಕ್ಕೆ ಹಾಕಿ ನೋಡಿದರು, ಆಗಲಿಲ್ಲ. ಇವನು ವ್ಯಾಪಾರಕ್ಕೆ ಬಾರದವನು, ಓದಲಿ ಅಂತ ಬಿಟ್ಟರು. ಬಿಕಾಂ ಮಾಡಿ ಅಂಗಡಿ ನೋಡ್ಕೊಳ್ದೆ ಮೈಕ್ ಮುಂದೆ ಕೂತಿರೋ ನನಗೆ ಈ ಕಥೆ ಯಾಕೆ ಇಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ ಅನ್ಸುತ್ತೆ.

ಆ ಫಿಶರ್ ಸಕ್ಕರೆಗಳ ರಚನೆಯನ್ನ ಬಿಡಿಸಿದರು, 1902ರಲ್ಲಿ ನೊಬೆಲ್ ಪಡೆದರು. ಅದಕ್ಕೂ ಮೊದಲು, 1894ರಲ್ಲಿ, ಅವರು ಒಂದು ವಿಚಿತ್ರ ಗಮನಿಸಿದ್ದರು. ಒಂದೇ ಸಕ್ಕರೆಯಿಂದ ಮಾಡಿದ ಎರಡು ರೂಪಗಳು, ವ್ಯತ್ಯಾಸ ಬರೀ ಒಂದು ಕೊಂಡಿ ಯಾವ ಕಡೆಗೆ ತಿರುಗಿದೆ ಅನ್ನೋದು. ಯೀಸ್ಟಿನ ಕಿಣ್ವ ಒಂದನ್ನ ಮಾತ್ರ ಒಡೆಯುತ್ತೆ, ಬಾದಾಮಿಯ ಕಿಣ್ವ ಇನ್ನೊಂದನ್ನ ಮಾತ್ರ. ಆಗ ಫಿಶರ್ ಹೇಳಿದ್ದು: ಕಿಣ್ವ ಮತ್ತು ಅದು ಒಡೆಯೋ ವಸ್ತು ಬೀಗ ಮತ್ತು ಬೀಗದ ಕೈ ಇದ್ದ ಹಾಗೆ, ಒಂದಕ್ಕೊಂದು ಕೂರಬೇಕು. ಈ ಹೋಲಿಕೆಯನ್ನ ನಾವೆಲ್ಲ ಶಾಲೆಯಲ್ಲಿ ಓದಿದ್ದೀವಿ. ಆದ್ರೆ ಅದು ಹುಟ್ಟಿದ್ದೇ ಸಕ್ಕರೆ ಒಡೆಯೋ ಕಿಣ್ವಗಳ ಮೇಲೆ ಅಂತ ನನಗೆ ಗೊತ್ತಿರಲಿಲ್ಲ.

ಈಗ ಒಂದು ಕಿಲಾಡಿ ಪ್ರಶ್ನೆ. ಬೀಗದೊಳಗೆ ಹೋಗುತ್ತೆ, ಆದ್ರೆ ತಿರುಗಲ್ಲ, ಹೊರಗೂ ಬರಲ್ಲ. ಅಂಥ ನಕಲಿ ಕೈ ಮಾಡಿದ್ರೆ? ಬೀಗ ಅಷ್ಟು ಹೊತ್ತು ಕೆಲಸಕ್ಕೆ ಬರಲ್ಲ.

ಆ ನಕಲಿ ಕೈ ಹೇಗಿರಬೇಕು ಅನ್ನೋದಕ್ಕೆ ಸುಳಿವು ಕೊಟ್ಟವರು ಅಮೆರಿಕದ ಲೈನಸ್ ಪಾಲಿಂಗ್, 1946ರಲ್ಲಿ. ಅವರ ಪ್ರಕಾರ ಕಿಣ್ವ ಅತಿ ಗಟ್ಟಿಯಾಗಿ ಹಿಡಿಯೋದು ಪೂರ್ತಿ ಇರೋ ವಸ್ತುವನ್ನಲ್ಲ, ಒಡೆದ ಚೂರನ್ನೂ ಅಲ್ಲ. ಒಡೆಯುತ್ತಾ ಇರೋ ಆ ನಡುವಿನ ಕ್ಷಣದ ರೂಪವನ್ನ. ಸಕ್ಕರೆಯ ವಿಷಯದಲ್ಲಿ ಆ ಕ್ಷಣ ಹೇಗಿರುತ್ತೆ ಅಂದ್ರೆ, ಅದರ ಉಂಗುರ ಸ್ವಲ್ಪ ಚಪ್ಪಟೆಯಾಗುತ್ತೆ, ಅದರ ಮೇಲೆ ಧನ ವಿದ್ಯುದಂಶ ಮೂಡುತ್ತೆ. ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಕಮ್ಮಿ ಹೊತ್ತು. ಆ ಕ್ಷಣವನ್ನ ಹೋಲುವ, ಆದ್ರೆ ಒಡೆಯದೆ ಹಾಗೇ ಉಳಿಯುವ ಅಣು ಸಿಕ್ಕಿದರೆ ಕಿಣ್ವ ಅದನ್ನ ಬಿಡೋದೇ ಇಲ್ಲ.

ಕೀನ್ಯಾದ ಮಣ್ಣು, ಜರ್ಮನಿಯ ಮಾತ್ರೆ

1970ರ ಆಸುಪಾಸಿಗೆ ಬನ್ನಿ. ಜರ್ಮನಿಯ ವುಪ್ಪರ್ಟಾಲ್ ಊರಲ್ಲಿ ಬೇಯರ್ ಕಂಪನಿಯ ಪ್ರಯೋಗಾಲಯ. ವಾಲ್ಟರ್ ಪುಲ್ಸ್ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಗಾರರ ಯೋಚನೆ ಸರಳವಾಗಿತ್ತು. ಆ ಕಾಲದ ಮಧುಮೇಹದ ಔಷಧಿಗಳು ಸಕ್ಕರೆ ರಕ್ತಕ್ಕೆ ಬಂದ ಮೇಲೆ ಏನು ಮಾಡೋದು ಅಂತ ನೋಡ್ತಿದ್ದವು. ಇವರು ಬಾಗಿಲಲ್ಲೇ ನಿಧಾನ ಮಾಡೋಣ ಅಂದ್ರು. 1973ರಲ್ಲಿ ಗೋಧಿಯಿಂದ ತೆಗೆದ, ಅಮೈಲೇಸ್ ತಡೆಯೋ ಒಂದು ವಸ್ತುವನ್ನ ಇಲಿ, ನಾಯಿ, ಮನುಷ್ಯರ ಮೇಲೆ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿದರು. ಪಿಷ್ಟ ತಿಂದ ಮೇಲೆ ಸಕ್ಕರೆ ಏರೋದು ಕಡಿಮೆಯಾಗಿತ್ತು.

ಆಮೇಲೆ ಹುಡುಕಾಟ ಮಣ್ಣಿನ ಸೂಕ್ಷ್ಮಜೀವಿಗಳ ಕಡೆ ತಿರುಗಿತು. ಆಕ್ಟಿನೋಪ್ಲೇನ್ಸ್ ಅನ್ನೋ ಬ್ಯಾಕ್ಟೀರಿಯಾದ ಒಂದು ತಳಿಯಲ್ಲಿ ಅವರಿಗೆ ಬೇಕಾದ್ದು ಸಿಕ್ಕಿತು. 1977ರಲ್ಲಿ ಡೆಲ್ಫ್ ಶ್ಮಿಟ್ ಮತ್ತು ಸಂಗಡಿಗರು ಅದನ್ನ ಪ್ರಕಟಿಸಿದರು. ಅದೇ ಅಕಾರ್ಬೋಸ್. ನೋಡೋಕೆ ನಾಲ್ಕು ಮಣಿಯ ಸರ, ಪಿಷ್ಟದ ತುಂಡಿನ ಥರಾನೇ. ಆದ್ರೆ ಮೊದಲ ಎರಡು ಮಣಿಗಳ ನಡುವೆ ಆಮ್ಲಜನಕದ ಕೊಂಡಿ ಇರಬೇಕಾದ ಜಾಗದಲ್ಲಿ ನೈಟ್ರೋಜನ್ ಇದೆ. ಕಿಣ್ವ ಅದನ್ನ ಕಚ್ಚುತ್ತೆ, ತುಂಡು ಮಾಡೋಕಾಗಲ್ಲ. 1990ರಲ್ಲಿ ಜರ್ಮನಿಯಲ್ಲಿ, 1995ರಲ್ಲಿ ಅಮೆರಿಕದಲ್ಲಿ ಅದು ಮಾತ್ರೆಯಾಗಿ ಬಂತು.

ಇಲ್ಲಿ ಲೆಕ್ಕ ಓದಿದವರಿಗೆ ಒಂದು ಮಾತು ಹೇಳ್ತೀನಿ. ಈ ಮಾತ್ರೆ ನೀವು ತಿಂದ ಸಕ್ಕರೆಯನ್ನ ವಜಾ ಮಾಡಲ್ಲ. ಒಂದೇ ಗಂಟಲ್ಲಿ ಬರಬೇಕಾದ್ದನ್ನ ಕಂತಲ್ಲಿ ಬರೋ ಹಾಗೆ ಮಾಡುತ್ತೆ. ಅದಕ್ಕೇ ಊಟದ ಮೊದಲ ತುತ್ತಿನ ಜೊತೆಗೇ ತಗೋಬೇಕು ಅನ್ನೋದು. ಊಟ ಮುಗಿದ ಮೇಲೆ ನುಂಗಿದ್ರೆ ಬಸ್ ಹೋದ ಮೇಲೆ ಟಿಕೆಟ್ ತಗೊಂಡ ಹಾಗೆ.

ಇದಕ್ಕೊಂದು ಬಾಧೆ ಇದೆ, ಅಪ್ಪ ಅದನ್ನ ಯಾರ ಹತ್ರಾನೂ ಹೇಳ್ಕೊಳ್ತಿರಲಿಲ್ಲ: ಹೊಟ್ಟೆಯಲ್ಲಿ ಗ್ಯಾಸ್. ಜೀರ್ಣವಾಗದೆ ಮುಂದೆ ಸಾಗಿದ ಪಿಷ್ಟ ದೊಡ್ಡ ಕರುಳಿಗೆ ಹೋದ್ರೆ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ಹುದುಗಿಸಿ ಗಾಳಿ ಮಾಡ್ತವೆ. ಎಷ್ಟೋ ಜನ ಈ ಮಾತ್ರೆ ಬಿಡೋದೇ ಈ ಕಾರಣಕ್ಕೆ.

ಇನ್ನೊಂದು ಲೆಕ್ಕ ಬಾಕಿ ಇದೆ. ಆ ಬ್ಯಾಕ್ಟೀರಿಯಾ ಸಿಕ್ಕಿದ ಮಣ್ಣು ಜರ್ಮನಿಯದಲ್ಲ, ಕೀನ್ಯಾ ದೇಶದ ರುಯಿರು ಕಡೆಯದ್ದು. ಮಾತ್ರೆ ಮಾರುಕಟ್ಟೆಗೆ ಬಂದು ಹದಿನೈದು ವರ್ಷ ಆದ ಮೇಲೆ, 2006ರ ಒಂದು ವರದಿಯಿಂದ ಇದು ದೊಡ್ಡ ಸುದ್ದಿಯಾಯ್ತು. ಮಣ್ಣು ಯಾರದು, ಲಾಭ ಯಾರದು ಅನ್ನೋ ಪ್ರಶ್ನೆ ಎದ್ದಿತು. ಜೀವವೈವಿಧ್ಯ ಒಪ್ಪಂದಕ್ಕೆ ದೇಶಗಳು ಸಹಿ ಮಾಡಿದ್ದು 1992ರಲ್ಲಿ, ಲಾಭ ಹಂಚಿಕೆಯ ನಗೋಯಾ ಒಪ್ಪಂದ ಆಗಿದ್ದು 2010ರಲ್ಲಿ. ಮಣ್ಣು ಅದಕ್ಕೂ ಎಷ್ಟೋ ಮೊದಲೇ ದೇಶ ಬಿಟ್ಟಿತ್ತು.

ಹಿಪ್ಪುನೇರಳೆ, ಭತ್ತದ ಗದ್ದೆ

ಅತ್ತ ಜಪಾನಿನಲ್ಲಿ ಇನ್ನೆರಡು ದಾರಿ ತೆರೆದವು. ಒಂದು ಹಿಪ್ಪುನೇರಳೆಯದ್ದು. ಹೌದು, ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಹುಳಕ್ಕೆ ಹಾಕೋ ಅದೇ ಸೊಪ್ಪಿನ ಗಿಡ. 1976ರಲ್ಲಿ ಅದರ ಬೇರಿನ ತೊಗಟೆಯಿಂದ ಡಿಯಾಕ್ಸಿನೋಜಿರಿಮೈಸಿನ್ ಅನ್ನೋ ಅಣುವನ್ನ ಬೇರ್ಪಡಿಸಿದರು. ಅದು ಗ್ಲೂಕೋಸಿನ ಪಡಿಯಚ್ಚು, ಆದ್ರೆ ಉಂಗುರದಲ್ಲಿ ಆಮ್ಲಜನಕದ ಬದಲು ನೈಟ್ರೋಜನ್. ಆ ನೈಟ್ರೋಜನ್ ಸುಲಭವಾಗಿ ಧನ ವಿದ್ಯುದಂಶ ಪಡೆಯುತ್ತೆ. ಪಾಲಿಂಗ್ ಹೇಳಿದ ನಡುವಿನ ಕ್ಷಣ ನೆನಪಾಯ್ತಾ? ಅದಕ್ಕೊಂದು ಸಣ್ಣ ಬಾಲ ಜೋಡಿಸಿ ಬೇಯರ್‌ನವರು ಮಾಡಿದ್ದು ಮಿಗ್ಲಿಟಾಲ್. 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಹಿಪ್ಪುನೇರಳೆ ಗಿಡ ಇದನ್ನ ನಮಗೋಸ್ಕರ ಮಾಡ್ತಿಲ್ಲ. 2006ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ ಹಾಗೆ, ಎಲೆ ಹರಿದಾಗ ಒಸರೋ ಹಾಲಿನಲ್ಲಿ ಈ ನಕಲಿ ಸಕ್ಕರೆಗಳು ತುಂಬಿರುತ್ತವೆ. ಬೇರೆ ಕಂಬಳಿಹುಳಗಳು ತಿಂದ್ರೆ ಬೆಳೆಯೋದೇ ಇಲ್ಲ, ಸಾಯ್ತವೆ. ರೇಷ್ಮೆ ಹುಳ ಮಾತ್ರ ಅದನ್ನ ಅರಗಿಸಿಕೊಳ್ಳೋದು ಕಲಿತಿದೆ. ನಾವು ಉಡೋ ರೇಷ್ಮೆ ಸೀರೆಯ ಹಿಂದೆ ಇಂಥದ್ದೊಂದು ಹಳೇ ಜಗಳ ಇದೆ.

ಇನ್ನೊಂದು ದಾರಿ ಭತ್ತದ ಗದ್ದೆಯಿಂದ. ಭತ್ತದ ಎಲೆಕವಚಕ್ಕೆ ಬರೋ ಶಿಲೀಂಧ್ರ ರೋಗಕ್ಕೆ ವ್ಯಾಲಿಡಮೈಸಿನ್ ಅನ್ನೋ ಔಷಧಿಯನ್ನ ಜಪಾನಿನ ಟಕೇಡಾ ಕಂಪನಿ ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದಿತ್ತು. ಅದೇ ಬ್ಯಾಕ್ಟೀರಿಯಾ ಮಾಡೋ ವ್ಯಾಲಿಯೋಲಮೀನ್ ಅನ್ನೋ ಚಿಕ್ಕ ಅಣು ಕರುಳಿನ ಕಿಣ್ವವನ್ನ ಹಿಡಿಯುತ್ತೆ ಅಂತ ಗೊತ್ತಾಯ್ತು. ಇಲ್ಲಿಂದ ಮುಂದೆ ಹುಡುಕಾಟ ಹೋಗಿ ವಿನ್ಯಾಸ ಶುರುವಾಯ್ತು. ಸತೋಶಿ ಹೋರಿ ಮತ್ತು ತಂಡದವರು ಅದರ ನೈಟ್ರೋಜನ್ ಮೇಲೆ ಬೇರೆ ಬೇರೆ ಬಾಲ ಜೋಡಿಸುತ್ತಾ ಹೋದರು. ಒಂದೊಂದನ್ನೂ ಪರೀಕ್ಷೆ ಮಾಡಿ 1986ರಲ್ಲಿ ಪ್ರಕಟಿಸಿದರು. ಎಲ್ಲದರಲ್ಲಿ ಗೆದ್ದದ್ದು 1994ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂತು. ಹೆಸರು ವೋಗ್ಲಿಬೋಸ್. ಅಪ್ಪನ ಸ್ಟ್ರಿಪ್ಪಿನ ಮೂರನೇ ಹೆಸರು.

ವಿನ್ಯಾಸ ಎಷ್ಟು ಬಲ ಕೊಡ್ತು ಅನ್ನೋದನ್ನ ಪ್ರಮಾಣದಲ್ಲೇ ನೋಡಿ. ಅಕಾರ್ಬೋಸ್ ಒಂದು ಹೊತ್ತಿಗೆ 50 ಅಥವಾ 100 ಮಿಲಿಗ್ರಾಂ. ವೋಗ್ಲಿಬೋಸ್ 0.2 ಅಥವಾ 0.3 ಮಿಲಿಗ್ರಾಂ.

ಮಾವ ತಂದ ಬೇರು

ಅಪ್ಪ ಆಸ್ಪತ್ರೆಯಿಂದ ಬಂದ ವಾರಕ್ಕೆ ಸಾಗರದಿಂದ ಮಾವ ಬಂದ್ರು. ಕೈಯಲ್ಲಿ ಒಂದು ಪೇಪರ್ ಪೊಟ್ಟಣ. "ಭಾವ, ಈ ಇಂಗ್ಲಿಷ್ ಮಾತ್ರೆ ಎಲ್ಲ ಬಿಟ್ಹಾಕಿ. ಇದು ಏಕನಾಯಕನ ಬೇರು. ರಾತ್ರಿ ನೀರಲ್ಲಿ ಹಾಕಿ ಬೆಳಿಗ್ಗೆ ಕುಡೀರಿ, ನಮ್ಮ ಕಡೆ ಎಷ್ಟು ಜನ ಕುಡೀತಾರೆ ಗೊತ್ತಾ" ಅಂದ್ರು.

ಮೊದಲಾಗಿದ್ರೆ ನಾನು ನಕ್ಕುಬಿಡ್ತಿದ್ದೆ. ಆದ್ರೆ ಅಷ್ಟೊತ್ತಿಗೆ ಸ್ವಲ್ಪ ಓದಿದ್ದೆ. ಏಕನಾಯಕ ಅಂದ್ರೆ ಸಲೇಶಿಯಾ ಕುಲದ ಬಳ್ಳಿ. ಪಶ್ಚಿಮ ಘಟ್ಟದಲ್ಲೂ ಇದೆ, ಶ್ರೀಲಂಕಾದಲ್ಲೂ ಇದೆ. ಸಿಂಹಳ ಭಾಷೆಯಲ್ಲಿ ಕೋತಲ ಹಿಂಬುಟು ಅಂತಾರೆ. ಅಲ್ಲಿ ಅದರ ಕಟ್ಟಿಗೆಯಿಂದ ಲೋಟ ಕೊರೆದು, ರಾತ್ರಿಯೆಲ್ಲ ನೀರಿಟ್ಟು, ಬೆಳಿಗ್ಗೆ ಸಕ್ಕರೆ ಕಾಯಿಲೆಯವರಿಗೆ ಕುಡಿಸ್ತಾರೆ. 1997ರಲ್ಲಿ ಜಪಾನಿನ ಕ್ಯೋಟೋದಲ್ಲಿ ಮಸಾಯುಕಿ ಯೋಶಿಕಾವಾ ತಂಡ ಅದರೊಳಗಿನ ಅಣುವನ್ನ ಹಿಡಿಯಿತು. ಹೆಸರು ಸಲಾಸಿನಾಲ್. ಮರುವರ್ಷ ಅದರ ಅಣ್ಣನಂಥ ಕೋಟಲನಾಲ್ ಸಿಕ್ಕಿತು.

ಸಲಾಸಿನಾಲ್ ನೋಡಿ ರಸಾಯನಶಾಸ್ತ್ರದವರು ಬೆರಗಾದದ್ದು ಯಾಕೆ ಗೊತ್ತಾ? ಅದರ ಉಂಗುರದಲ್ಲಿ ನೈಟ್ರೋಜನ್ ಅಲ್ಲ, ಗಂಧಕ ಇದೆ. ಆ ಗಂಧಕದ ಮೇಲೆ ಧನ ವಿದ್ಯುದಂಶ ಶಾಶ್ವತವಾಗಿ ಕೂತಿದೆ. ಪ್ರಯೋಗಾಲಯದವರು ತಲೆ ಕೆಡಿಸ್ಕೊಂಡು ಅನುಕರಿಸ್ತಿದ್ದ ಆ ಕ್ಷಣವನ್ನ ಒಂದು ಕಾಡು ಬಳ್ಳಿ ತನ್ನದೇ ರೀತಿಯಲ್ಲಿ ಮಾಡಿಟ್ಟಿತ್ತು.

ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಮಾರಿಯೋ ಪಿಂಟೋ ತಂಡ ಇದನ್ನ ಬಳ್ಳಿಯಿಲ್ಲದೆ ಪ್ರಯೋಗಾಲಯದಲ್ಲೇ ಕಟ್ಟಿತು. ಅಲ್ಲಿಗೆ ನಿಲ್ಲಲಿಲ್ಲ. ಗಂಧಕ ತೆಗೆದು ನೈಟ್ರೋಜನ್ ಹಾಕಿದ್ರೆ ಹೇಗೆ? ಸೆಲೀನಿಯಂ ಹಾಕಿದ್ರೆ? ಬಾಲ ಉದ್ದ ಮಾಡಿದ್ರೆ? ಒಂದೊಂದನ್ನೂ ಮಾಡಿ ನೋಡಿದರು. ಕೋಟಲನಾಲ್‌ನ ಪೂರ್ತಿ ಆಕಾರ ಖಚಿತವಾಗಿದ್ದೇ 2009ರಲ್ಲಿ ಇವರು ಅದನ್ನ ಕಟ್ಟಿ ತೋರಿಸಿದಾಗ. ಡೇವಿಡ್ ರೋಸ್ ತಂಡದವರು ಮನುಷ್ಯನ ಕರುಳಿನ ಮಾಲ್ಟೇಸ್-ಗ್ಲುಕೋಅಮೈಲೇಸ್ ಕಿಣ್ವದ ಒಂದು ಭಾಗವನ್ನ ಹರಳು ಮಾಡಿ, ಈ ನಕಲಿ ಕೈಗಳು ಬೀಗದಲ್ಲಿ ಹೇಗೆ ಕೂರ್ತವೆ ಅಂತ ಎಕ್ಸ್‌ರೇಯಿಂದ ನೋಡಿದರು. 2010ರಲ್ಲಿ ಬಂದ ಫಲಿತಾಂಶದ ಪ್ರಕಾರ, ಆ ಭಾಗವನ್ನ ಹಿಡಿಯೋದರಲ್ಲಿ ಕೋಟಲನಾಲ್‌ನ ಒಂದು ರೂಪ ಅಕಾರ್ಬೋಸ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಲ.

ಆದ್ರೆ ಬಲ ಒಂದೇ ಸಾಕಾ? ಕರುಳಿನ ಗೋಡೆಯಲ್ಲಿ ಇಂಥ ಬೀಗಗಳು ನಾಲ್ಕಿವೆ. ಒಂದೊಂದರ ಆಕಾರ ಸ್ವಲ್ಪ ಬೇರೆ. ಎಲ್ಲವನ್ನೂ ಜಡಿದ್ರೆ ಗ್ಯಾಸ್ ಕಾಟ. ಒಂದನ್ನ ಹಿಡಿದು, ಇನ್ನೊಂದನ್ನ ಬಿಟ್ಟು, ಗ್ಲೂಕೋಸ್ ಬಿಡುಗಡೆಯನ್ನ ಬೇಕಾದಷ್ಟೇ ನಿಧಾನ ಮಾಡಬಹುದಾ ಅನ್ನೋದು ಈ ಸಂಶೋಧಕರ ಮುಂದಿನ ಪ್ರಶ್ನೆ. ಆ ದಾರಿಯಲ್ಲಿ ಹೋದ ಅಣುಗಳು ಇನ್ನೂ ನಮ್ಮ ಮೆಡಿಕಲ್ ಶಾಪಿಗೆ ಬಂದಿಲ್ಲ.

ಹಾಗಾದ್ರೆ ಮಾವ ಹೇಳಿದ್ದು ಸರಿಯಾ? ಅರ್ಧ ಸರಿ. ಬೇರಿನಲ್ಲಿ ಕೆಲಸ ಮಾಡೋ ಅಂಶ ನಿಜವಾಗಿಯೂ ಇದೆ. 2005ರಲ್ಲಿ ಶ್ರೀಲಂಕಾದಲ್ಲಿ 51 ರೋಗಿಗಳಿಗೆ ಸಲೇಶಿಯಾ ಚಹಾ ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ ಸಕ್ಕರೆಯ ಸರಾಸರಿ ಮಟ್ಟ ಇಳಿದಿತ್ತು. ಆದ್ರೆ ಅಪ್ಪ ಕುಡಿಯೋ ಲೋಟದಲ್ಲಿ ಅದೆಷ್ಟು ಇರುತ್ತೆ ಅಂತ ಪೊಟ್ಟಣದ ಮೇಲೆ ಬರೆದಿರಲ್ಲ. ಮಾತ್ರೆ ಮೇಲೆ ಮಾತ್ರೆಯ ಕೆಲಸವನ್ನೇ ಮಾಡೋ ಬೇರು ಹಾಕಿದ್ರೆ, ಆ ಭಾನುವಾರ ಮತ್ತೆ ಬರಬಹುದು. ಮಾತ್ರೆ ಪೂರ್ತಿ ಬಿಟ್ರೆ ಇನ್ನೊಂದು ಥರದ ಭಾನುವಾರ ಬರಬಹುದು.

ನಾನು ಮಾವನಿಗೆ ಅಷ್ಟನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಅಂದ್ರೆ ನಮ್ಮ ಬೇರಿಗೆ ಮರ್ಯಾದೆ ಇದೆ ಅನ್ನು" ಅಂದ್ರು. "ಇದೆ ಮಾವ. ಅದಕ್ಕೇ ಡಾಕ್ಟರಿಗೆ ಹೇಳದೆ ಕುಡಿಯಬಾರದು" ಅಂದೆ. ಪೊಟ್ಟಣ ಈಗಲೂ ದೇವರ ಮನೆ ಗೂಡಲ್ಲಿದೆ.

ಆ ನಾಲ್ಕು ಚಮಚ ಸಕ್ಕರೆ

ಕೊನೆಗೆ ಅಡುಗೆಮನೆಗೆ ವಾಪಸ್. ಆವತ್ತು ಅಮ್ಮ ಕೊಟ್ಟ ಸಕ್ಕರೆ ಯಾಕೆ ಕೆಲಸ ಮಾಡಲಿಲ್ಲ ಅಂತ ಈಗ ನಿಮಗೇ ಗೊತ್ತು. ಸಕ್ಕರೆ ಎರಡು ಮಣಿಯ ಜೋಡಿ. ಅದನ್ನ ಬಿಡಿಸೋ ಬೀಗದಲ್ಲಿ ವೋಗ್ಲಿಬೋಸ್ ಸಿಕ್ಕಿಹಾಕ್ಕೊಂಡಿತ್ತು. ಬೆಲ್ಲದ ನೀರು ಕೊಟ್ಟಿದ್ರೂ ಅದೇ ಕಥೆ, ಬಿಸ್ಕತ್ ಕೊಟ್ಟಿದ್ರೂ ಅದೇ. ಗ್ಲೂಕೋಸ್ ಮಾತ್ರ ಒಂಟಿ ಮಣಿ. ಅದನ್ನ ಒಡೀಬೇಕಾಗಿಲ್ಲ, ನೇರ ರಕ್ತಕ್ಕೆ ಹೋಗುತ್ತೆ.

ಅಂದಹಾಗೆ, ವೋಗ್ಲಿಬೋಸ್ ಒಂದೇ ಇದ್ರೆ ಸಾಮಾನ್ಯವಾಗಿ ಸಕ್ಕರೆ ಹೀಗೆ ಕುಸಿಯಲ್ಲ. ಅಪ್ಪನ ಮಾತ್ರೆಯಲ್ಲಿ ಅದರ ಜೊತೆ ಗ್ಲಿಮೆಪಿರೈಡ್ ಇತ್ತು. ಕುಸಿಯೋ ಹಾಗೆ ಮಾಡೋದು ಅದು. ಊಟ ತಡವಾಗಿತ್ತು ಬೇರೆ. ಒಂದು ಮಾತ್ರೆಯಲ್ಲಿ ಮೂರು ಔಷಧಿ ಇರುವಾಗ ಮೂರರ ಹೆಸರೂ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು.

ಅದಕ್ಕೇ ಒಂದು ಕೆಲಸ ಮಾಡಿ. ಈ ಎಪಿಸೋಡ್ ಮುಗಿದ ತಕ್ಷಣ ನಿಮ್ಮ ಅಪ್ಪ, ಅಮ್ಮ, ಅಜ್ಜಿ ಯಾರು ಶುಗರ್ ಮಾತ್ರೆ ತಗೋತಾರೋ ಅವರ ಸ್ಟ್ರಿಪ್ ತಿರುಗಿಸಿ ನೋಡಿ. ವೋಗ್ಲಿಬೋಸ್, ಅಕಾರ್ಬೋಸ್, ಮಿಗ್ಲಿಟಾಲ್, ಈ ಮೂರರಲ್ಲಿ ಒಂದಿದ್ರೆ ಮನೆಯಲ್ಲಿ ಗ್ಲೂಕೋಸ್ ಪುಡಿಯ ಪ್ಯಾಕೆಟ್ ಒಂದು ಇಟ್ಟಿರಿ, ಎಷ್ಟು ಕೊಡಬೇಕು ಅಂತ ಡಾಕ್ಟರನ್ನ ಕೇಳಿಟ್ಟುಕೊಳ್ಳಿ. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ನಮ್ಮಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಈಗ ಒಂದು ಗ್ಲೂಕೋಸ್ ಪ್ಯಾಕೆಟ್ ಇರುತ್ತೆ. ಮೇಲೆ ಅಪ್ಪನೇ ಸ್ಕೆಚ್ ಪೆನ್ನಲ್ಲಿ ಬರೆದಿದ್ದಾರೆ: ಮಾರಾಟಕ್ಕಲ್ಲ.

ಮುಂದಿನ ವಾರ ಸಿಗೋಣ. ಹುಷಾರಾಗಿರಿ.